ಒಂದೇ ರಿಂಗಿನ ಗಿರಾಕಿಗಳು

ಕನ್ವರ್ಷನ್ ಎಂಬ ಪದಕ್ಕೆ ಶಹಾಪುರದಲ್ಲಿ ಆಗ ಒಂದೇ ಅರ್ಥವಿತ್ತು: ಹೊಲವನ್ನು ಕಾಗದದ ಮೇಲೆ ಹೊಲವಲ್ಲ ಎಂದು ಮಾಡಿಸಿ, ಪ್ಲಾಟು ಹಾಕಿ ಮಾರುವುದು. ಹಾಗಾಗಿ ಕಲಬುರಗಿಯ ವೆಬ್‌ಸೈಟ್ ಕಂಪನಿಯವನು ‘ಮೇಡಂ, ನಿಮ್ಮ ಕನ್ವರ್ಷನ್ ಆಗುತ್ತಿಲ್ಲ’ ಎಂದು ಮೆಸೇಜು ಕಳಿಸಿದಾಗ ಅಕ್ಕೋರು ಪಹಣಿಯ ನಕಲು ಹಿಡಿದು ಸೀದಾ ತಾಲ್ಲೂಕು ಕಚೇರಿಗೆ ಹೋದರು.

ಅಲ್ಲಿನ ಗುಮಾಸ್ತ ಪಹಣಿಯನ್ನು ಎರಡು ಸಲ ತಿರುಗಿಸಿ ನೋಡಿದನಂತೆ. “ಹೊಲದಾಗ ಏನ್ ಕಟ್ಟೀರಿ ಅಕ್ಕೋರ?”

“ಹಸಿರು ನೆಟ್ ಹಾಕೀನಿ. ಒಳಗ ಮೆಣಸಿನಕಾಯಿ ಅಗಿ ಅದಾವ.”

“ಅಗಿ ಬೆಳ್ಯಾಕ ಯಾವನ್ ಕೇಳ್ಯಾನ್ರಿ ಕನ್ವರ್ಷನ್? ಇವತ್ತ ಅಗಿಗೆ ಕೇಳ್ಯಾನ, ನಾಳಿ ಎಮ್ಮಿಗೂ ಕೇಳ್ತಾನ. ಅವನ ನಂಬರ್ ಕೊಡ್ರಿ ಇಲ್ಲಿ.”

ನಂಬರು ಕೊಡದೆ ಹೊರಬಂದ ಅಕ್ಕೋರು ಕಚೇರಿಯ ಮೆಟ್ಟಿಲ ಮೇಲೆ ನಿಂತೇ ನನಗೆ ಫೋನ್ ಮಾಡಿದರು. ವೆಬ್‌ಸೈಟ್ ನೋಡಿದವರು ಗಿರಾಕಿಗಳಾಗುತ್ತಿಲ್ಲ ಎಂಬುದಷ್ಟೇ ಅವನ ಮಾತಿನ ಅರ್ಥ ಎಂದು ನಾನು ಬಿಡಿಸಿ ಹೇಳಬೇಕಾಯಿತು.

ನಾನು ಆಗ ಯಾದಗಿರಿಯ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿದ್ದೆ. ಅವರು ಶಹಾಪುರದ ಖಾಸಗಿ ಶಾಲೆಯೊಂದರಲ್ಲಿ ಹದಿನಾರು ವರ್ಷ ಕನ್ನಡ ಕಲಿಸಿದವರು. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತೇವೆ. ಪರಿಚಯವಾದದ್ದು ಕಾಗುಣಿತದಿಂದ. ವಾರಕ್ಕೆರಡು ಸಲವಾದರೂ ಬೆಳಿಗ್ಗೆ ಡೆಸ್ಕಿಗೆ ಫೋನ್ ಮಾಡಿ, “ತಮ್ಮಾ, ಮೂರನೇ ಪುಟದಾಗ ಶಾಸಕರು ‘ಉದ್ಗಾಟನೆ’ ಮಾಡ್ಯಾರ, ಮಹಾಪ್ರಾಣ ಎಲ್ಲಿ ಹೋತು?” ಎಂದು ಕೇಳುತ್ತಿದ್ದ ಏಕೈಕ ಓದುಗರು ಅವರು. ಆ ಮೇ ತಿಂಗಳಲ್ಲಿ ಶಾಲೆ ಬಿಟ್ಟು, ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯ ಬದಿ, ತಮ್ಮ ಪಾಲಿಗೆ ಬಂದಿದ್ದ ಹೊಲದಲ್ಲಿ ನರ್ಸರಿ ಹಾಕಿದ್ದರು.

ಕಾಲುವೆಗೆ ನೀರು ಬಿಟ್ಟ ವಾರದಿಂದ ಹಿಡಿದು ಹೆಚ್ಚೆಂದರೆ ಇಪ್ಪತ್ತು ದಿನ ಹುಣಸಗಿಯಿಂದ ಶಹಾಪುರದವರೆಗೆ ಎಲ್ಲರಿಗೂ ಒಟ್ಟಿಗೇ ಅಗಿ, ಅಂದರೆ ನಾಟಿಯ ಸಸಿ, ಬೇಕು. ಆಮೇಲೆ ಯಾರಿಗೂ ಬೇಡ. ಟ್ರೇಯಲ್ಲಿ ಬೆಳೆದ ಮೆಣಸಿನ ಅಗಿ ನಲವತ್ತೈದು ದಿನ ದಾಟಿತೆಂದರೆ ಬೇರು ಸುತ್ತಿಕೊಂಡು, ಕಾಂಡ ಕಡ್ಡಿಯಾಗುತ್ತದೆ. ಅಕ್ಕೋರ ಶೆಡ್ಡಿನಲ್ಲಿ ಎರಡು ಲಕ್ಷ ಅಗಿ ಇದ್ದವು. ಶಾಲೆಯ ಆಡಳಿತ ಮಂಡಳಿಯವರು ಅವರ ಜಾಗಕ್ಕೆ ಇನ್ನೂ ಯಾರನ್ನೂ ಕಾಯಂ ಮಾಡಿರಲಿಲ್ಲ. ಜುಲೈ ಕೊನೆಯವರೆಗೆ ಕಾಯುತ್ತೇವೆ, ಬೇಸರವಾದರೆ ಬನ್ನಿ ಎಂದಿದ್ದರು. ‘ಬೇಸರವಾದರೆ’ ಎಂಬ ಪದವನ್ನು ಅಕ್ಕೋರು ಹೇಳುವಾಗಲೆಲ್ಲ ಹಲ್ಲು ಕಚ್ಚುತ್ತಿದ್ದರು. ಅಗಿ ಮಾರಾಟವಾದರೆ ಶೆಡ್ಡು ಉಳಿಯುತ್ತದೆ, ಆಗದಿದ್ದರೆ ಮತ್ತೆ ಅದೇ ಕರಿಹಲಗೆ. ವಿಷಯ ಇಷ್ಟೇ.

ವಾರದ ರಜೆಯ ದಿನ ಬಸ್ಸು ಹಿಡಿದು ಹೋದೆ. ವೆಬ್‌ಸೈಟ್ ತೆರೆಯಲು ಅವರ ಶೆಡ್ಡಿನಲ್ಲಿ ನಿಂತು ಪ್ರಯತ್ನಿಸಿದೆ. ಚಹಾ ಬಂತು, ಕುಡಿದು ಮುಗಿಯಿತು, ಆಮೇಲೆ ವೆಬ್‌ಸೈಟ್ ಬಂತು. ಮೊದಲಿಗೆ ಯಾವುದೋ ದೇಶದ ದಂಪತಿ ಹೂದೋಟದಲ್ಲಿ ನಗುತ್ತಾ ನಿಂತಿದ್ದರು. ಅವರು ಪಕ್ಕಕ್ಕೆ ಸರಿದ ಮೇಲೆ ಕೋಟು ತೊಟ್ಟ ಎರಡು ಕೈಗಳು ಒಂದನ್ನೊಂದು ಕುಲುಕಿದವು. ಅದರ ಕೆಳಗೆ ‘ನಮ್ಮ ದೂರದೃಷ್ಟಿ’, ಅದರ ಕೆಳಗೆ ‘ನಮ್ಮ ಧ್ಯೇಯ’. ಯಾವ ಗಿಡ, ಎಲ್ಲಿ, ಯಾವಾಗ ಸಿಗುತ್ತದೆ ಎಂಬುದು ಎಲ್ಲೂ ಇರಲಿಲ್ಲ. ಫೋನ್ ನಂಬರು ಪುಟದ ಪಾದದಲ್ಲಿ, ಬೂದು ಬಣ್ಣದ ಮೇಲೆ ಬೂದು ಅಕ್ಷರದಲ್ಲಿತ್ತು. ನಡುವೆ ಹನ್ನೊಂದು ಖಾನೆಗಳ ಒಂದು ಫಾರ್ಮು. ಅದನ್ನು ತುಂಬಿ ಮುಗಿಸಿದವನಿಗೆ ಕೊನೆಯಲ್ಲಿ ಒಂದು ಪರೀಕ್ಷೆ: ಟ್ರಾಫಿಕ್ ಸಿಗ್ನಲ್ ಇರುವ ಚಿತ್ರಗಳನ್ನು ಆರಿಸಿ, ನೀವು ಮನುಷ್ಯರೆಂದು ಸಾಬೀತುಪಡಿಸಿ. ಸಿಗ್ನಲ್ಲನ್ನೇ ಕಾಣದೆ ಅರವತ್ತು ವರ್ಷ ಬದುಕಿದ ರೈತ ಈ ಲೆಕ್ಕದಲ್ಲಿ ಮನುಷ್ಯನೇ ಅಲ್ಲ.

“ಯಾರರ ತುಂಬ್ಯಾರೇನ್ರಿ ಇದನ್ನ?” ಎಂದೆ.

“ಒಬ್ಬರು ತುಂಬ್ಯಾರ. ತಮ್ಮ ಮಗಗ ನರ್ಸರಿಗೆ ಹಾಕಬೇಕಂತ. ವ್ಯಾನ್ ಅದ ಏನು ಅಂತ ಕೇಳ್ಯಾರ.”

ನಾನು ನಗಬಾರದಿತ್ತು. ನಕ್ಕೆ. ಅವರು ನಗಲಿಲ್ಲ. ಶಾಲೆ ಬಿಟ್ಟು ಬಂದರೂ ಮಕ್ಕಳು ಬೆನ್ನು ಬಿಡಲಿಲ್ಲ ಎಂಬ ಸಂಕಟ ಅವರದು.

ಡೆಸ್ಕಿನಲ್ಲಿ ನನಗೆ ಕಲಿಸಿದ್ದು ಒಂದೇ ಪಾಠ: ಸುದ್ದಿ ಮೊದಲ ಸಾಲಿನಲ್ಲಿರಬೇಕು, ಸನ್ಮಾನ ಮಾಡಿಸಿಕೊಂಡವರ ಪಟ್ಟಿ ಕೊನೆಯಲ್ಲಿ. ವೆಬ್‌ಸೈಟಿಗೂ ಬೇರೆ ಪಾಠ ಬೇಕಿಲ್ಲ ಎಂಬುದು ಅಂದಿನ ನನ್ನ ನಂಬಿಕೆ, ಇವತ್ತಿಗೂ ಅದೇ. ದಂಪತಿಯನ್ನು ಅವರ ದೇಶಕ್ಕೆ ಕಳಿಸಿದೆ. ಕೈ ಕುಲುಕುವವರನ್ನು, ದೂರದೃಷ್ಟಿಯನ್ನು, ಧ್ಯೇಯವನ್ನು ಹೊಡೆದುಹಾಕಿದೆ. ಶೆಡ್ಡಿನಲ್ಲಿ ನಿಂತು ಟ್ರೇಯ ಚಿತ್ರ ತೆಗೆದೆ. ಬೇರು ಕಾಣುವಂತೆ ಒಂದು ಅಗಿಯನ್ನು ಅಕ್ಕೋರ ಅಂಗೈ ಮೇಲೆ ಇಟ್ಟು ಇನ್ನೊಂದು ತೆಗೆದೆ. ಕೊಳ್ಳುವವನು ನೋಡುವುದು ಬೇರನ್ನು. ಫಾರ್ಮು ತೆಗೆದು ನಂಬರನ್ನು ಮೇಲಕ್ಕೆ ತಂದು, ಒತ್ತಿದರೆ ಫೋನ್ ಹೋಗುವ ದಪ್ಪ ಗುಂಡಿ ಮಾಡು ಎಂದು ಕಲಬುರಗಿಯವನಿಗೆ ಬರೆದಿಟ್ಟೆ. ಮೊದಲ ಸಾಲು: ‘ಮೆಣಸಿನಕಾಯಿ ಅಗಿ ತಯಾರದಾವ. ಶಹಾಪುರ–ಸುರಪುರ ರಸ್ತೆ, ಕೆನಾಲ್ ಬಾಜೂಕ.’

ಅಕ್ಕೋರು ಕನ್ನಡಕ ಹಾಕಿಕೊಂಡು ಓದಿದರು. “ಅಗಿ ಅಲ್ಲ, ಸಸಿ ಅಂತ ಬರಿ. ‘ತಯಾರದಾವ’ ಏನದು? ‘ಸಿದ್ಧವಿವೆ’ ಅನ್ನು. ‘ಬಾಜೂಕ’ ಅಂತೂ ಬ್ಯಾಡೇ ಬ್ಯಾಡ, ನನ್ನ ಹಳೇ ವಿದ್ಯಾರ್ಥಿಗಳು ನೋಡಿದ್ರ ಏನಂದಾರು?”

“ವಿದ್ಯಾರ್ಥಿಗಳು ಅಗಿ ಕೊಳ್ತಾರೇನ್ರಿ ಅಕ್ಕೋರ?”

“ಕೊಳ್ಳಂಗಿಲ್ಲ.”

“ಅವರಪ್ಪ ಕೊಳ್ತಾನ. ಅವರಪ್ಪ ಏನಂತಾನ, ಸಸಿ ಅಂತಾನೋ ಅಗಿ ಅಂತಾನೋ?”

ಅವರು ಕನ್ನಡಕ ತೆಗೆದರು. “ಹಾಳಾಗಿ ಹೋಗಲಿ, ಅಗಿ ಅಂತಾನ ಬರಿ. ‘ತಯಾರದಾವ’ನೂ ಇರ್ಲಿ. ಬಾಜೂಕ ಮಾತ್ರ ‘ಪಕ್ಕ’ ಮಾಡು.” ಒಂದು ಪದಕ್ಕೆ ರಾಜಿಯಾಯಿತು.

ಕಲಬುರಗಿಯವನು ಒಪ್ಪಲಿಲ್ಲ. ಫೋನಿನಲ್ಲಿ, “ಸರ್, ಇದು ಪ್ರೊಫೆಷನಲ್ ಅನಿಸಲ್ಲ ಸರ್. ಗೋಡಿ ಮ್ಯಾಲ ಬರ್ದಂಗ ಅದ” ಎಂದ. ಗೋಡೆಯ ಮೇಲೆ ಬರೆದದ್ದನ್ನು ಜನ ಓದುತ್ತಾರೆ ಎಂದೆ. ಜನರ ಫೋನುಗಳಲ್ಲಿ ಕಾಣಿಸುವ ವೆಬ್‌ಸೈಟಿನ ಜಾಹೀರಾತನ್ನು ಅವನು ಜಿಲ್ಲೆಗೆಲ್ಲ ಹಚ್ಚಿದ್ದ; ಗುರುಮಠಕಲ್ ಕಡೆಯವರಿಗೂ ಅದು ಕಾಣುತ್ತಿತ್ತು. ನಮ್ಮ ಕಾಲುವೆ ಅತ್ತ ಹೋಗುವುದಿಲ್ಲ. ನೀರು ಹರಿಯುವ ಊರುಗಳಿಗೆ ಮಾತ್ರ ಹಚ್ಚು ಎಂದು ಹೆಸರು ಬರೆದು ಕಳಿಸಿದೆ. ಗೊಣಗುತ್ತಲೇ ಮಾಡಿದ.

ಕಾಲುವೆಗೆ ನೀರು ಬಂತು. ಅಗಿಗಳಿಗೆ ಮೂವತ್ನಾಲ್ಕು ದಿನ. ಕಲಬುರಗಿಯವನು ದಿನವೂ ವರದಿ ಕಳಿಸುತ್ತಿದ್ದ: ಜನ ನೋಡುತ್ತಿದ್ದಾರೆ, ನಂಬರಿನ ಗುಂಡಿ ಒತ್ತುತ್ತಲೂ ಇದ್ದಾರೆ. ನಾನು ಅಕ್ಕೋರಿಗೆ ದಿನವೂ ಕೇಳುತ್ತಿದ್ದೆ, “ಫೋನ್ ಬಂದಾವೇನ್ರಿ?”

“ಒಂದೂ ಬಂದಿಲ್ಲ.”

ಪುಟದಲ್ಲಿ ನಂಬರು ತಪ್ಪಾಗಿದೆಯೇ ಎಂದು ಅಂಕಿ ಅಂಕಿ ಓದಿ ನೋಡಿದೆ. ಸರಿಯಾಗಿತ್ತು. ನಾನೇ ಒತ್ತಿದೆ. “ಹಲೋ ತಮ್ಮಾ” ಎಂದರು. ಅಲ್ಲಿಗೆ ನನ್ನ ತನಿಖೆ ಮುಗಿಯಿತು. ಗುಂಡಿ ಒತ್ತಿದವರು ಮಕ್ಕಳಿರಬೇಕು, ಆಟಕ್ಕೆ ಒತ್ತಿರಬೇಕು ಎಂದುಕೊಂಡೆ. ಇಷ್ಟು ವರ್ಷ ವರದಿಗಾರರಿಗೆ ‘ಕೇಳಬೇಕಾದ ಪ್ರಶ್ನೆ ಕೇಳಲಿಲ್ಲ’ ಎಂದು ಬೈದವನಿಗೆ ತನ್ನ ಪ್ರಶ್ನೆಯೇ ತಪ್ಪಿರಬಹುದು ಎಂದು ಹೊಳೆಯಲಿಲ್ಲ.

ಐದು ದಿನ ಹೀಗೇ ಹೋದವು. ಮೂವತ್ತೊಂಬತ್ತನೇ ದಿನ ನಾನು ಮತ್ತೆ ಶೆಡ್ಡಿನಲ್ಲಿದ್ದೆ. ಅಕ್ಕೋರು ಶಾಲೆಯ ವಿಷಯ ಎತ್ತಲಿಲ್ಲ, ಆದರೆ ಇಸ್ತ್ರಿ ಮಾಡಿದ ಹತ್ತಿ ಸೀರೆ ಉಟ್ಟಿದ್ದರು. ಹದಿನಾರು ವರ್ಷ ಶಾಲೆಗೆ ಉಡುತ್ತಿದ್ದಂಥದು. ಆಗ ತಲೆಗೆ ಟವೆಲ್ಲು ಸುತ್ತಿದ ಹಿರಿಯರೊಬ್ಬರು ಮೋಟರ್‌ಸೈಕಲ್ಲಿನಲ್ಲಿ ಬಂದು ನಿಂತರು. ಹುಣಸಗಿ ಹತ್ತಿರದ ರೈತರು.

“ಇದೇನ್ ಅಗಿ ಮಾರೋ ಜಾಗಾನೋ, ಮಂತ್ರಿ ಮನಿಯೋ?” ಗಾಡಿಯ ಮೇಲೆ ಕೂತೇ ಕೇಳಿದರು.

“ಯಾಕ್ರಿ ಕಾಕಾ, ಏನಾತು?” ಎಂದರು ಅಕ್ಕೋರು.

“ಮಿಸ್‌ಕಾಲ್ ಕೊಟ್ಟು ಕೊಟ್ಟು ಬೆರಳು ಸವದಾವ. ಮೊದಲನೇ ದಿನ ಒಂದು ರಿಂಗ್ ಆತು. ಅವತ್ತಿನಿಂದ ಬರೀ ಬಿಜಿ, ಬಿಜಿ, ಬಿಜಿ. ಯಾರ್ ಜೋಡಿ ಮಾತಾಡ್ತೀರಿ ಇಷ್ಟು?”

“ಮಿಸ್‌ಕಾಲ್ ಯಾಕ ಕೊಡ್ತೀರಿ? ಸೀದಾ ಫೋನ್ ಮಾಡಬೇಕಿಲ್ಲೇನು?”

ರೈತರು ನನ್ನ ಕಡೆ ತಿರುಗಿದರು, ಸಾಕ್ಷಿಗೆಂಬಂತೆ. “ಮಾರೋರು ಅವರು, ಫೋನ್ ನಾ ಮಾಡ್ಬೇಕಂತ! ಟ್ರ್ಯಾಕ್ಟರ್‌ನವ ಮಿಸ್‌ಕಾಲ್‌ಗೆ ಬರ್ತಾನ, ಮಷಿನ್‌ನವ ಬರ್ತಾನ, ಗೊಬ್ಬರದ ಅಂಗಡಿಯವ ಹೊಳ್ಳಿ ಫೋನ್ ಮಾಡಿ ನಮಸ್ಕಾರ ಅಂತಾನ.”

ಅಕ್ಕೋರು ಫೋನ್ ತೆಗೆದು ಏನನ್ನೋ ಹುಡುಕಿದರು. ಮುಖ ಕೆಂಪಾಯಿತು. “ನಿಮ್ಮ ನಂಬರ್ ಕಡೀಕ ಎಪ್ಪತ್ತೆರಡೇನ್ರಿ?”

“ಹೌದು.”

“ನೀವಾ ಅದು! ನಾ ಯಾವನೋ ಬದ್ಮಾಶ್ ಅಂತ ತಿಳ್ಕೊಂಡು ಬ್ಲಾಕ್ ಮಾಡೀನಲ್ರಿ ಕಾಕಾ!”

ರೈತರು ಟವೆಲ್ಲು ಬಿಚ್ಚಿ ಬಾಯಿ ಒರೆಸಿಕೊಂಡರು. “ನನಗ ಮೂರು ಮಂದಿ ಮೊಮ್ಮಕ್ಕಳದಾರ, ಅಕ್ಕೋರ. ಇನ್ನೊಂದು ಸಲ ಜೋರಾಗಿ ಅನ್ರಿ, ನಮ್ಮ ಮನಿಯಾಕಿಗೆ ಫೋನ್ ಹಚ್ಚಿ ಕೇಳಸ್ತೀನಿ. ಆಕಿ ಈ ಮಾತು ನಂಬಂಗೇ ಇಲ್ಲ.”

ಅಕ್ಕೋರ ತಪ್ಪೆಂದು ನಾನು ಅಂದೂ ಹೇಳಲಿಲ್ಲ, ಇಂದೂ ಹೇಳುವುದಿಲ್ಲ. ನಂಬರು ನಾಲ್ಕು ಜನರ ಕೈಗೆ ಹೋದ ಯಾವ ಹೆಂಗಸಿಗಾದರೂ ಅಪರಿಚಿತ ನಂಬರಿನ ಒಂದು ರಿಂಗಿನ ಅರ್ಥ ಗೊತ್ತಿರುತ್ತಿತ್ತು. ಶಾಲೆಯಲ್ಲಿದ್ದಾಗಲೂ ಅವರದು ಅದೇ ಕ್ರಮ: ಒಂದು ರಿಂಗು ಬಂತೇ, ಬ್ಲಾಕ್. ಅದನ್ನು ಅವರು ಫೋನ್ ಬಂದದ್ದು ಎಂದು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ನಾನು ‘ಫೋನ್ ಬಂದಾವೇನ್ರಿ’ ಎಂದದ್ದಕ್ಕೆ ಅವರು ಸತ್ಯವನ್ನೇ ಹೇಳಿದ್ದರು. ಒತ್ತಿದರೆ ಫೋನ್ ಹೋಗುವ ಗುಂಡಿ ಮಾಡಿಸಿದ ನಾನು ಅದರ ಇನ್ನೊಂದು ತುದಿಯಲ್ಲಿ ಕೂತವರು ಏನು ಮಾಡುತ್ತಾರೆ ಎಂದು ನೋಡಿರಲಿಲ್ಲ. ಗಿರಾಕಿ ಕೊನೆಯ ಮೆಟ್ಟಿಲಿನವರೆಗೆ ಬಂದಿದ್ದ. ಬಾಗಿಲು ಒಳಗಿನಿಂದ ಹಾಕಿತ್ತು. ಇವತ್ತು ಯಾರಾದರೂ ನನ್ನ ಸೈಟು ನೋಡು ಎಂದರೆ ಮೊದಲು ಅವರ ಫೋನು ಕೇಳುತ್ತೇನೆ.

ಬ್ಲಾಕ್ ಪಟ್ಟಿಯಲ್ಲಿ ಆ ಐದು ದಿನಗಳವೇ ಅರವತ್ತೆಂಟು ನಂಬರುಗಳಿದ್ದವು. ರೈತರು ಎರಡು ಎಕರೆಗೆ ಅಗಿ ಮಾತಾಡಿಕೊಂಡು ಹೋದ ಮೇಲೆ ಅಕ್ಕೋರು ಕುರ್ಚಿ ಎಳೆದುಕೊಂಡು ಒಂದೊಂದಕ್ಕೇ ಫೋನ್ ಮಾಡತೊಡಗಿದರು. ಮೊದಲನೆಯದನ್ನು ಒಬ್ಬ ಹೆಂಗಸು ಎತ್ತಿದಳು. ದನಿ ನನಗೂ ಕೇಳುತ್ತಿತ್ತು.

“ನಮಸ್ಕಾರ್ರಿ. ಈ ನಂಬರ್‌ನಿಂದ ನನಗ ಮಿಸ್‌ಕಾಲ್ ಬಂದಿತ್ತು, ಅದಕ್ಕ ಮಾಡೀನಿ.”

“ಇದು ನಮ್ಮ ಮನಿಯವರ ಫೋನ್. ನಿನಗ ಯಾಕ ಮಿಸ್‌ಕಾಲ್ ಕೊಟ್ಟಾರ? ಯಾರ್ ನೀನು?”

“ಅಲ್ಲವ್ವಾ, ನಾ ಅಕ್ಕೋರು...”

“ಯಾವ ಅಕ್ಕೋರು? ಮುಂಜಾನಿಂದ ಹೊಲಕ್ಕ ಹೋಗ್ತೀನಿ ಅಂತ ಹೋಗ್ಯಾನ. ಎಲ್ಲಿ ಕುಂದ್ರಿಸ್ಕೊಂಡೀ ಅವನ್ನ?”

ಅಕ್ಕೋರು ಫೋನ್ ಇಟ್ಟು ನನ್ನ ಮುಖ ನೋಡಿದರು. ಹದಿನಾರು ವರ್ಷದ ಸೇವೆಯಲ್ಲಿ ಯಾವ ಶಾಲಾ ಇನ್‌ಸ್ಪೆಕ್ಟರೂ ಅವರಿಗೆ ಹಾಗೆ ಮಾತಾಡಿರಲಿಲ್ಲ. ನಾನು ಮಾಡಲೇ ಎಂದೆ. ಬೇಡವೆಂದರು. ಎರಡನೇ ನಂಬರು ಒತ್ತಿ, ಆ ಕಡೆ ಎತ್ತಿದ್ದೇ ತಡ, ನಮಸ್ಕಾರವನ್ನೂ ಬಿಟ್ಟು ತರಗತಿಯ ದನಿಯಲ್ಲಿ ಕೂಗಿದರು: “ಮೆಣಸಿನಕಾಯಿ ಅಗಿ! ಎಷ್ಟು ಎಕರೆಗೆ ಬೇಕ್ರಿ?”

ಅಷ್ಟು ಚೊಕ್ಕ ಮೊದಲ ಸಾಲನ್ನು ನಾನು ಡೆಸ್ಕಿನಲ್ಲೂ ಬರೆದಿಲ್ಲ. ಅಂದು ಮಧ್ಯಾಹ್ನದೊಳಗೆ ಇಪ್ಪತ್ತೊಂದು ಮಂದಿಗೆ ಅದನ್ನೇ ಕೂಗಿದರು. ಸಂಜೆಯೊಳಗೆ ಪಟ್ಟಿ ಮುಗಿಯಿತು. ಅರ್ಧದಷ್ಟು ಜನ ಆಗಲೇ ಬೇರೆಡೆ ಕೊಂಡಿದ್ದರು. ಇಬ್ಬರು ನಿಜವಾಗಿಯೂ ಬದ್ಮಾಶರೇ. ಅವರನ್ನು ಮತ್ತೆ ಬ್ಲಾಕ್ ಮಾಡಲಾಯಿತು. ಉಳಿದವರು ಬಂದರು. ನಾನು ಪುಟದ ಗುಂಡಿಯ ಮೇಲೆ ‘ಮಿಸ್‌ಕಾಲ್ ಕೊಡ್ರಿ, ನಾವೇ ಮಾಡ್ತೀವಿ’ ಎಂದು ಹಾಕಿಸಿದೆ. ಈ ಸಲ ಕಲಬುರಗಿಯವನೂ ಸುಮ್ಮನೆ ಹಾಕಿದ, ಅಕ್ಕೋರೂ ವ್ಯಾಕರಣ ನೋಡಲಿಲ್ಲ.

ಎಲ್ಲ ಅಗಿಯೂ ಹೋಗಲಿಲ್ಲ. ಕೈತಪ್ಪಿದ ಆ ಐದು ದಿನ ಮರಳಿ ಸಿಗಲಿಲ್ಲ. ನಲವತ್ತೆಂಟನೇ ದಿನ ನಾನು ಹೋದಾಗ ಶೆಡ್ಡಿನ ಒಂದು ಮೂಲೆಯ ಟ್ರೇಗಳಲ್ಲಿ ಅಗಿ ಕಡ್ಡಿಯಾಗಿ ನಿಂತಿದ್ದವು; ಅಕ್ಕೋರು ಅವನ್ನು ಕಿತ್ತು ತಿಪ್ಪೆಗೆ ಹಾಕುತ್ತಿದ್ದರು. ಖಾಲಿಯಾದ ಟ್ರೇಗಳಲ್ಲಿ ಟೊಮೆಟೊ ಬೀಜ ಬಿದ್ದಿತ್ತು. ಜುಲೈ ಮುಗಿಯಲು ಎರಡು ದಿನವಿತ್ತು.

ಕೈ ತೊಳೆದುಕೊಂಡು ಬಂದು ಒಂದು ಕಾಗದ ಕೊಟ್ಟರು. ಶಾಲೆಯ ಆಡಳಿತ ಮಂಡಳಿಗೆ ಬರೆದದ್ದು. ‘ಮಾನ್ಯರೇ, ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಘನ ಅವಗಾಹನೆಗೆ ತರಬಯಸುವುದೇನೆಂದರೆ’ ಎಂದು ಶುರುವಾಗಿ ಒಂದೂವರೆ ಪುಟವಿತ್ತು. ಅವರು ಮರಳಿ ಬರುವುದಿಲ್ಲ ಎಂಬುದು ಎರಡನೇ ಪುಟದಲ್ಲಿ ಎಲ್ಲೋ ಸಿಕ್ಕಿತು. ನಾನು ಅಭ್ಯಾಸಬಲದಿಂದ ಪೆನ್ನು ತೆಗೆದು ಮೊದಲ ಪುಟವನ್ನೆಲ್ಲ ಅಡ್ಡಗೆರೆ ಎಳೆದು ಹೊಡೆಯಲು ಹೊರಟೆ.

“ಏ, ಏ, ತಮ್ಮಾ,” ಎಂದು ಕಾಗದ ಕಿತ್ತುಕೊಂಡರು. “ಕೈ ಹಚ್ಚಬ್ಯಾಡ. ಸೀದಾ ಬರೋದಿಲ್ಲ ಅಂತ ಬರದ್ರ ಸೊಕ್ಕು ಅಂತಾರ. ಅವರಿಗೆ ಹಿಂಗ ಬರದ್ರೇ ತಿಳೀತದ.”

ಒಂದು ಅಲ್ಪಪ್ರಾಣವನ್ನು ತಾವೇ ಮಹಾಪ್ರಾಣಕ್ಕೆ ತಿದ್ದಿ, ಮಡಚಿ ಲಕೋಟೆಗೆ ಹಾಕಿದರು.