ನಾಳೆ ಬದಲಿಸುವ ಬೀಗ

ಬೀಗ ರಿಪೇರಿಯವನು ಹೊಸ ನಗರಕ್ಕೆ ಬಂದು ತಿಂಗಳಾಗಿತ್ತು. ಊರಿಗೆಲ್ಲ ಬೀಗ ಬದಲಿಸಿ ಎಂದು ಬುದ್ಧಿ ಹೇಳುವ ಈ ಮಹಾಶಯ, ತನ್ನ ಬಾಡಿಗೆ ಕೋಣೆಯ ಒಳಚಿಲಕವಿಲ್ಲದ ಬಾಗಿಲಿನ ಹಳೇ ಬೀಗವನ್ನು ಮಾತ್ರ ನಾಳೆ ನೋಡೋಣ ಎಂದು ಮುಂದೂಡುತ್ತಲೇ ಇದ್ದ. ಕಿಟಕಿಯಿಂದ ತಣ್ಣನೆಯ ಗಾಳಿ, ಕಣ್ತುಂಬ ನಿದ್ದೆ, ಇನ್ನೇನು ಬೇಕು?

ಇವತ್ತು ಅಂಗಡಿಗೆ ಬಂದ ಅಪರಿಚಿತನೊಬ್ಬ ಕೀಲಿಕೈ ಮುಂದಿಟ್ಟ. "ಇಂಥದ್ದೇ ಇನ್ನೊಂದು ಮಾಡ್ಕೊಡಿ."

ಮುಖ ಮರೆತರೂ ಕೀಲಿಯ ಹಲ್ಲು ಮರೆಯದವನು ಇವನು. ಮೂರನೆಯ ಹಲ್ಲು ಮೋಟು. ತನ್ನ ಕೋಣೆಯದೇ! ಜೇಬು ಮುಟ್ಟಿಕೊಂಡ, ತನ್ನ ಕೀಲಿಕೈ ಅಲ್ಲೇ ಇತ್ತು.

"ಯಾರ ಮನೇದು ಸ್ವಾಮಿ?"

"ನಮ್ದೇ ಅನ್ಕೊಳ್ಳಿ. ಇದನ್ನ ತಿರುಗಿಸಿದ್ರೆ ಕಿರ್ ಅನ್ನುತ್ತೆ. ಪುಣ್ಯಕ್ಕೆ ಒಳಗಿರೋನು ಕುಂಭಕರ್ಣ, ಏಳೋದೇ ಇಲ್ಲ."

"ನಾಳೆ ಬನ್ನಿ," ಎಂದ ಇವನು.

"ನಾಳೆ ಯಾಕೆ? ಈಗ್ಲೇ ಮಾಡಿ," ಎಂದು ಅವನು ಸ್ಟೂಲ್ ಎಳೆದುಕೊಂಡು ಕೂತ.