ಸ್ಟೇರಿಂಗ್ ಕಳಚಿ ಕೂಡಿಸುವ ಯಮನೂರಸಾಬರು

ಗಂಗಾವತಿಯಲ್ಲಿ ಇಂದು ಮಂಜು ಇನ್ನೂ ಹರಿದಿಲ್ಲ. ಗದ್ದೆಗಳ ಕಡೆಯಿಂದ ಬಂದದ್ದು ಅಕ್ಕಿ ಗಿರಣಿಗಳ ಹೊಗೆಯೊಂದಿಗೆ ಬೆರೆತು ಕನಕಗಿರಿ ರಸ್ತೆಯ ಗ್ಯಾರೇಜುಗಳ ಮೇಲೆ ಕುಳಿತಿದೆ. ತಗಡಿನಿಂದ ಹನಿ ತೊಟ್ಟಿಕ್ಕುತ್ತಿದೆ. ಒಳಗೆ ಬಲ್ಬಿನ ಕೆಳಗೆ ಯಮನೂರಸಾಬರು ಒಂದು ಸ್ಟೇರಿಂಗ್ ಚಕ್ರವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಾರೆ. ಬೆಳಗಿನ ನಮಾಜು ಮುಗಿಸಿ ಬಂದವರು ಇನ್ನೂ ನಟ್ಟು ಬಿಚ್ಚುವ ಪಾನಾ ಹಿಡಿದಿಲ್ಲ. ಬಿಚ್ಚಿ ನೋಡಬೇಕು, ಕೈ ಮುಂದೆ ಹೋಗುತ್ತಿಲ್ಲ.

ನಿನ್ನೆ ಈ ಚಕ್ರ, ಓಡುವ ಕಾರಿನಲ್ಲಿ, ಓಡಿಸುವವರ ಕೈಗೇ ಕಳಚಿ ಬಂದಿದೆ. ನವಲಿಯ ಕೊಟ್ರಪ್ಪ ಕನಕಗಿರಿಯಲ್ಲಿ ಗೊಬ್ಬರದಂಗಡಿ ಇಟ್ಟವರು. ಹೆಂಡತಿ ಶೇಖರಮ್ಮನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಊರು ದಾಟಿದ್ದರಷ್ಟೆ. ತಿರುವಿನಲ್ಲಿ ಚಕ್ರ ಎಳೆದರೆ ಅದು ಎದೆಗೆ ಬಂತು. ಕಾರು ನಾಟಿಗೆ ಹದ ಮಾಡಿದ ಗದ್ದೆಗೆ ಇಳಿದು ಕೆಸರಿನಲ್ಲಿ ನಿಂತಿತು. ಇಬ್ಬರಿಗೂ ಒಂದು ಗೀರಿಲ್ಲ. ಕಾಯುವವನು ಕಾಯ್ದ.

ಆದರೆ ಚಕ್ರ ಕೂಡಿಸಿದ ಕೈ ಯಮನೂರಸಾಬರದು. ಸಂಜೆ ಕೊಟ್ರಪ್ಪ ಟಂಟಂ ಹತ್ತಿ ಬಂದು, ಗ್ಯಾರೇಜಿನೆದುರಿನ ಚಹಾದಂಗಡಿಯಲ್ಲಿದ್ದ ಯಮನೂರಸಾಬರಿಗೆ ಮಂದಿಯೆಲ್ಲ ಕೇಳುವಂತೆ ಅಂದುಬಿಟ್ಟರು: "ನೀ ಮಾಡಿದ್ದು ಸ್ಟೇರಿಂಗ್ ಅಲ್ಲೊ ಸಾಬಾ, ನನ್ನ ಮಣ್ಣಿಗಿಡೂ ತಯಾರಿ." ಚಕ್ರವನ್ನು ಅವರ ಕಾಲ ಬಳಿ ಒಗೆದು ಹೋದರು. ಹಿಂದಿನಿಂದ ಯಾರೋ, ಸಾಬರ ಸ್ಟೇರಿಂಗು ಛತ್ರಿಯಂಗ ಕೈಯಾಗ ಹಿಡಕೊಂಡು ತಿರಗಾಕ ಛಲೋ ಅಂತ ನಕ್ಕರು. ಯಮನೂರಸಾಬರಿಗೆ ಆ ನಗೆ ಕೇಳಿಸಲೇ ಇಲ್ಲ. ಎರಡು ಜೀವ, ತನ್ನ ಕೈಯಿಂದ.

ಡೀಸೆಲ್‌ನಲ್ಲಿ ನಟ್ಟು ಬೋಲ್ಟು ತೊಳೆಯುತ್ತ ಈ ಕೆಲಸಕ್ಕೆ ಬಂದವರು ಅವರು. ಅಳವಂಡಿಯಿಂದಲೂ ಕುಷ್ಟಗಿಯಿಂದಲೂ ಗಾಡಿಗಳು ಬರುತ್ತವೆ, ಗ್ಯಾರೇಜಿಗೆ ಮಾತ್ರ ಇನ್ನೂ ಬೋರ್ಡಿಲ್ಲ. ಕೊಟ್ರಪ್ಪ ಗೊಬ್ಬರದ ಲಾರಿಯಿಂದ ಬಿದ್ದು ಬೆನ್ನಿಗೆ ರಾಡು ಹಾಕಿಸಿಕೊಂಡ ಮೇಲೆ ಬಗ್ಗಿ ಸ್ಟೇರಿಂಗಿನ ಹಿಂದೆ ನುಸುಳಲಾರದೆ ಹೋದರು. ಕೈಕಾಲು ನೆಟ್ಟಗಿದ್ದರೂ ಅಂಗಡಿಗೆ ಹೋಗಲು ಬೇರೆಯವರ ದಾರಿ ಕಾಯಬೇಕು. ಆಗ ಯಮನೂರಸಾಬರಿಗೆ ರೇಸಿನ ಗಾಡಿಗಳ ಸ್ಟೇರಿಂಗ್ ಚಕ್ರ ನೆನಪಾಯಿತು. ಅದನ್ನು ಕಳಚಿಟ್ಟು, ಒಳಗೆ ಕುಳಿತು, ಮತ್ತೆ ಕೂಡಿಸಿಕೊಳ್ಳಬಹುದು. ಶೋಕಿಗೆ ಕೇಳಿ ಬರುವ ಹುಡುಗರನ್ನು ಅವರು ವಾಪಸು ಕಳಿಸುತ್ತಾರೆ. "ಇದು ಮದ್ವಿ ಮೆರವಣಿಗಿ ಸಾಮಾನಲ್ಲಪಾ. ಬಗ್ಗಾಕ ಆಗದವ್ರಿಗೆ ಅಷ್ಟ." ಏರ್‌ಬ್ಯಾಗ್ ಇರುವ ಗಾಡಿಯನ್ನಂತೂ ಮುಟ್ಟುವುದಿಲ್ಲ.

ಕೊಟ್ರಪ್ಪನದು ಏರ್‌ಬ್ಯಾಗ್ ಇಲ್ಲದ ಹಳೆಯ ಕಾರು. ಬ್ಯಾಟರಿ ತಂತಿ ಬಿಡಿಸಿ, ಮುಂದಿನ ಗಾಲಿ ನೇರ ನಿಲ್ಲಿಸಿ, ಕಂಪನಿಯ ಚಕ್ರ ತೆಗೆಯುವ ಮೊದಲೇ ಸ್ಟೇರಿಂಗಿನ ದಂಡಕ್ಕೆ ಗುರುತು ಹಾಕಿದ್ದರು. ದಂಡದ ಹಲ್ಲಿಗೆ ಹಲ್ಲು ಕೂತಿದೆಯೇ ಎಂದು ಬೆರಳಿನಿಂದ ಸವರಿ ನೋಡಿ, ನಟ್ಟು ಬಿಗಿದು, ಅದರ ಮೇಲೆ ಬೀಗದ ಒಂದು ತುಂಡು ಕೂಡಿಸಿದ್ದರು; ಇನ್ನೊಂದು ತುಂಡು ಹೊಸ ಚಕ್ರದ ನಡುವೆ. ಚಕ್ರ ಒತ್ತಿದರೆ ಒಳಗಿನ ಉಕ್ಕಿನ ಗುಂಡುಗಳು ಟಕ್ಕೆಂದು ಹಿಡಿಯಬೇಕು. ಆಮೇಲೆ ಎರಡೂ ಕೈಯಿಂದ ಎದೆಗೆ ಎಳೆದು ನೋಡಿಯೇ ಗಾಡಿ ಎಬ್ಬಿಸಬೇಕೆಂದು ಕೊಟ್ರಪ್ಪನಿಗೆ ಮತ್ತೆ ಮತ್ತೆ ಹೇಳಿದ್ದರು.

ಬಿಸ್ಮಿಲ್ಲಾ ಎಂದು ಯಮನೂರಸಾಬರು ಕಡೆಗೂ ಚಕ್ರದ ಬೀಗ ಬಿಚ್ಚುತ್ತಾರೆ. ಬಿಚ್ಚಿದ ಕೈ ಅಲ್ಲೇ ನಿಲ್ಲುತ್ತದೆ. ಒಳಗೆಲ್ಲ ಕೆಂಪು. ಒಂದು ಗಳಿಗೆ ರಕ್ತವೆನಿಸುತ್ತದೆ. ಮೂಸಿದರೆ ಎಣ್ಣೆ, ಕುಂಕುಮ, ವಿಭೂತಿ ಕಲಸಿ ಗಟ್ಟಿಯಾದ ಮುದ್ದೆ. ಗುಂಡುಗಳು ಅದರಲ್ಲಿ ಹೂತು ಅರ್ಧಕ್ಕೇ ಸಿಕ್ಕಿಕೊಂಡಿವೆ.

ಫೋನು ಹೋಗಿ, ಮಂಜು ಕರಗುವ ಹೊತ್ತಿಗೆ ಗಂಡ ಹೆಂಡತಿ ಬರುತ್ತಾರೆ. ಬಿಚ್ಚಿಟ್ಟ ಬೀಗ ನೋಡಿದ ಶೇಖರಮ್ಮ ಅದರ ಕೆಂಪನ್ನು ಬೆರಳಿನಿಂದ ಮುಟ್ಟುತ್ತಾರೆ.

"ಅಮಾಸಿ ಪೂಜಿ ಅಣ್ಣಾ. ಮೊದಲ ಗಾಡಿಯಾಗ ಹೊಕ್ಕು ಹಚ್ಚತಿದ್ನಿ. ಈಗ ಕೈಗೆ ಬರ್ತೈತೆಲ್ಲ, ತೊಳದು ಜಗಲಿ ಮ್ಯಾಲಿಟ್ನಿ. ನಡುವಿನ ತೂತು ಅದರ ಹೊಕ್ಕಳ ಅನಿಸ್ತು. ತುಂಬ ಹಚ್ಚಿದ್ನಿ."

ಯಮನೂರಸಾಬರು ಕೊಟ್ರಪ್ಪನತ್ತ ತಿರುಗುತ್ತಾರೆ. "ಸಾವ್ಕಾರ್ರ, ಟಕ್ ಅಂತೇನ್ರಿ? ಎಳದು ನೋಡಿದ್ರೇನ್ರಿ?"

ಕೊಟ್ರಪ್ಪ ತಲೆ ಅಲ್ಲಾಡಿಸುತ್ತಾರೆ. "ಇಲ್ಲ. ಜಗಲಿಯಿಂದ ಬಂದ ಚಕ್ರ. ಎಳದು ನೋಡಿದ್ರ ದೇವರನ್ನ ಪರೀಕ್ಷಾ ಮಾಡಿದಂಗ ಆಗತೈತಿ ಅಂತ ಸುಮ್ನಾದೆ."

ಭಕ್ತಿಯಿಂದ ಹಚ್ಚಿದ್ದೇ ಪ್ರಾಣಕ್ಕೆ ಬಂದಿತ್ತೆಂಬುದು ಶೇಖರಮ್ಮನ ಮನಸ್ಸಿಗೆ ಇಳಿಯುತ್ತಿಲ್ಲ. ಯಮನೂರಸಾಬರೇ ನೀರಿನ ಚರಿಗೆ ಮುಂದಿಡುತ್ತಾರೆ. "ಕುಂಕುಮದ್ದು ತಪ್ಪಲ್ಲ ಅಕ್ಕಾರ. ನಮ್ಮೂರಾಗ ಗಾಡಿಗೆ ಪೂಜಿ ಮಾಡ್ತಾರ ಅನ್ನೂದು ನಾ ಅರಿಯದ್ದೇನು? ಆ ತೂತಿಗೊಂದು ಮುಚ್ಚಳ ಇಡಬೇಕಿತ್ತು. ಇಟ್ಟಿಲ್ಲ."

ಆ ಬೀಗವನ್ನು ತೊಳೆದು ಮತ್ತೆ ಹಾಕಲು ಅವರು ಒಪ್ಪುವುದಿಲ್ಲ. ಹೊಸದು ಬರುವವರೆಗೆ ಕಂಪನಿಯ ಚಕ್ರವೇ ಇರಲಿ, ಓಡಿಸುವವರು ಬೇರೆ ಇರಲಿ ಎನ್ನುತ್ತಾರೆ. ಲೇತಿಗೆ ಒಂದು ಹಿತ್ತಾಳೆ ತುಂಡು ಕಟ್ಟಿ, ಚಕ್ರ ಕಳಚಿಟ್ಟಾಗ ನಡುವಿನ ತೂತಿಗೆ ಹಾಕಲು ಸರಿಯಾದ ಮುಚ್ಚಳ ಕಡೆಯತೊಡಗುತ್ತಾರೆ. ಇನ್ನು ಮೇಲೆ ಆ ಮುಚ್ಚಳಕ್ಕೇ ಕುಂಕುಮ. ದೊಡ್ಡ ಆಸೆ ಏನೂ ಇಲ್ಲ ಅವರಿಗೆ: "ಹೋದ ಗಾಡಿ ಮನಿ ಮುಟ್ಟಬೇಕ್ರಿ. ಅದ ನನ್ನ ಹೆಸರು."

ಅಷ್ಟರಲ್ಲಿ ಕೊಟ್ರಪ್ಪ ರಸ್ತೆ ದಾಟಿದ್ದಾರೆ. ಚಹಾದಂಗಡಿಯಲ್ಲಿ ನಿನ್ನೆಯ ಮಂದಿಯೇ ಇದ್ದಾರೆ. ಬಗ್ಗದ ಬೆನ್ನಿನಲ್ಲಿ ನೆಟ್ಟಗೆ ನಿಂತು, ದನಿ ಏರಿಸದೆ ಹೇಳುತ್ತಾರೆ:

"ನಿನ್ನೆ ಇಲ್ಲಿ ನಾ ಒಂದು ಮಾತಂದೆ. ಆ ತಪ್ಪು ಯಮನೂರಸಾಬ್ರದಲ್ಲ, ನಂದು. ನಿನ್ನೆ ಕೇಳಿದವ್ರು ಇದನ್ನೂ ಕೇಳ್ರಿ."