ತಿಂದ್ಕೊಂಡೇ ಬಂದೆ ಅಮ್ಮ

ಬೇರೆಯವರು ಉಣ್ಣುವುದನ್ನು ನೋಡುವುದೇ ಆಕೆಯ ಉದ್ಯೋಗ. ತಮಾಷೆಯ ಮಾತಲ್ಲ. ಸಂಶೋಧನಾಲಯದ ಎರಡನೇ ಮಹಡಿಯಲ್ಲಿ ಊಟದ ಕೋಣೆ ಅಂತ ಒಂದಿತ್ತು. ಒಂದು ಮೇಜು, ಒಂದು ಕುರ್ಚಿ, ಗೋಡೆಯ ತುಂಬ ಒಂದು ಕನ್ನಡಿ. ಕೂತವರಿಗೆ ಅದು ಕನ್ನಡಿ, ಆಚೆ ಕತ್ತಲಲ್ಲಿ ಕೂತ ಡಾಕ್ಟರಮ್ಮನಿಗೆ ಬರೀ ಗಾಜು. ಮೇಜಿನಲ್ಲಿ ತಟ್ಟೆಯಗಲದ ತೂತು ಕೊರೆದು ಕೆಳಗೆ ತಕ್ಕಡಿ ಕೂರಿಸಿದ್ದರು. ಒಂದೊಂದು ತುತ್ತು ಎತ್ತಿದಾಗಲೂ ಪರದೆಯ ಮೇಲಿನ ಗೆರೆ ಒಂದೊಂದು ಮೆಟ್ಟಿಲು ಇಳಿಯುತ್ತಿತ್ತು. ದಪ್ಪ ಇರುವವರು, ಸಕ್ಕರೆ ಕಾಯಿಲೆಯವರು, ಎರಡೂ ಇಲ್ಲದವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಬಂದು ಉಂಡು ಹೋಗುತ್ತಿದ್ದರು. ಹೊಟ್ಟೆ ತುಂಬಿತು ಅಂತ ಮೈಗೆ ಯಾವಾಗ ಗೊತ್ತಾಗುತ್ತದೆ, ಕೆಲವರಿಗೆ ಯಾಕೆ ಗೊತ್ತೇ ಆಗುವುದಿಲ್ಲ, ಇದು ಆಕೆಯ ಪ್ರಶ್ನೆ. ಮೂವತ್ತಾರು ವರ್ಷ ಇದೊಂದೇ ಪ್ರಶ್ನೆಯ ಬೆನ್ನು ಹತ್ತಿದಳು. ಜವಾನರಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರೂ ಬೆನ್ನ ಹಿಂದೆ ಅವಳನ್ನು ತಕ್ಕಡಿ ಡಾಕ್ಟರು ಅನ್ನುತ್ತಿದ್ದರು. ಅವಳಿಗೂ ಗೊತ್ತಿತ್ತು, ಅವಳೇನೂ ಬೇಸರಪಟ್ಟುಕೊಳ್ಳಲಿಲ್ಲ.

ಸಾವಿರಾರು ಜನ ಉಂಡದ್ದನ್ನು ನೋಡಿದ ಆ ಕಣ್ಣಿನ ಮುಂದೆ ಅವಳ ಒಬ್ಬಳೇ ಮಗಳು ಇಪ್ಪತ್ತು ವರ್ಷದಿಂದ ಒಂದು ತುತ್ತೂ ಉಂಡಿರಲಿಲ್ಲ. ದೀಪದ ಬುಡದಲ್ಲಿ ಕತ್ತಲು ಅಂದರೆ ಇದೇ ಇರಬೇಕು.

ಮಗಳು ದೂರ ದೇಶದಲ್ಲೇನೂ ಇರಲಿಲ್ಲ. ಬಸ್ಸಿನಲ್ಲಿ ಅರ್ಧ ಗಂಟೆ. ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವ ಕೆಲಸ, ಗಂಡ, ಒಂದು ಹೆಣ್ಣುಮಗು. ತಿಂಗಳಿಗೊಮ್ಮೆ ತಪ್ಪದೆ ಬರುತ್ತಿದ್ದಳು. ನಗುತ್ತಿದ್ದಳು, ಅಪ್ಪನ ಕಾಲೆಳೆಯುತ್ತಿದ್ದಳು, ಅಮ್ಮನ ತಲೆಗೆ ಬಣ್ಣ ಹಚ್ಚಿಕೊಡುತ್ತಿದ್ದಳು. ಊಟಕ್ಕೆ ಏಳು ಅಂದ ಕೂಡಲೇ ಮಾತ್ರ ಅದೇ ಉತ್ತರ.

"ತಿಂದ್ಕೊಂಡೇ ಬಂದೆ ಅಮ್ಮ."

ಬೆಳಿಗ್ಗೆ ಎಂಟಕ್ಕೆ ಬಂದರೂ ತಿಂದುಕೊಂಡೇ ಬಂದಿರುತ್ತಿದ್ದಳು, ಸಂಜೆಯವರೆಗೆ ಉಳಿದರೂ ತಿಂದುಕೊಂಡೇ ಬಂದಿರುತ್ತಿದ್ದಳು. ತನ್ನ ಮದುವೆಯ ದಿನ ಕೂಡ ಅಮ್ಮ ಕೂತ ಸಾಲು ಯಾವುದು ಅಂತ ನೋಡಿಕೊಂಡು, ಕಂಬದ ಮರೆ ಹುಡುಕಿ ಊಟಕ್ಕೆ ಕೂತ ಹುಡುಗಿ ಅವಳು.

ತಪ್ಪು ಯಾರದು ಅಂತ ಕೇಳಿದರೆ ಡಾಕ್ಟರಮ್ಮ ಸುತ್ತುಬಳಸುವವಳಲ್ಲ. "ನಂದೇ" ಅನ್ನುತ್ತಿದ್ದಳು.

ಡಾಕ್ಟರಮ್ಮನ ತಾಯಿಗೆ ಸಕ್ಕರೆ ಕಾಯಿಲೆ ಇತ್ತು. ಮೊದಲು ಹೆಬ್ಬೆರಳು ಹೋಯಿತು, ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೆ. ಐವತ್ತೆರಡಕ್ಕೆ ಜೀವವೂ ಹೋಯಿತು. ಆಗ ವೈದ್ಯಕೀಯ ಓದುತ್ತಿದ್ದ ಡಾಕ್ಟರಮ್ಮ ತಾಯಿಯ ಒಂಟಿ ಚಪ್ಪಲಿಯನ್ನು ಎಸೆಯಲೂ ಆಗದೆ ಇಟ್ಟುಕೊಳ್ಳಲೂ ಆಗದೆ ವಾರಗಟ್ಟಲೆ ಬಾಗಿಲ ಬಳಿ ಬಿಟ್ಟಿದ್ದಳು. ರೋಗಿ ನೋಡುವ ಡಾಕ್ಟರಾಗದೆ ಸಂಶೋಧನೆಗೆ ಸೇರಿದ್ದು ಆ ಹಟದಿಂದಲೇ. ಮೊದಲ ಆರು ವರ್ಷ ಇಲಿಗಳ ಜೊತೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ನನ್ನ ಹೆಂಡತಿಗೆ ಹೆರುವ ಮೊದಲೇ ಮುದ್ದು ಅಂತ ಭೂಗೋಳದ ಮೇಷ್ಟ್ರಾಗಿದ್ದ ಗಂಡ ನೆಂಟರೆದುರು ನಗಿಸುತ್ತಿದ್ದ.

ಮಗಳು ಹುಟ್ಟಿದಳು, ಗುಂಡಗೆ ಬೆಳೆದಳು. ಕಂಡವರೆಲ್ಲ ಕೆನ್ನೆ ಹಿಂಡಿ ಮುದ್ದಾಡಿದರೆ, ತಾಯಿಗೆ ಆ ಕೆನ್ನೆಯಲ್ಲಿ ತನ್ನ ತಾಯಿಯ ಕಾಲು ಕಾಣುತ್ತಿತ್ತು. ಹದಿಮೂರು ತುಂಬುವ ಹೊತ್ತಿಗೆ ಭಯ ತಡೆಯಲಾಗಲಿಲ್ಲ. ಊಟದ ಕೋಣೆಯ ಹಳೆಯ ತಕ್ಕಡಿಯೊಂದನ್ನು ಮನೆಗೆ ತಂದಳು. ಗಂಡ ತನ್ನ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಿದ್ದ ವಾರ, ಮಗಳು ಶಾಲೆಗೆ ಹೋದ ಹೊತ್ತಿನಲ್ಲಿ ಬಡಗಿಯನ್ನು ಕರೆಸಿ ಮೇಜಿನಲ್ಲಿ, ಮಗಳು ಕೂರುವ ಜಾಗದಲ್ಲಿ, ತೂತು ಕೊರೆಸಿದಳು. ಮೇಲೆ ಮೇಜುಬಟ್ಟೆ. ತಂತಿ ಅಡುಗೆಮನೆಯ ಕಪಾಟಿಗೆ. ಅಂಕಿ ಅಲ್ಲಿ ಮೂಡುತ್ತಿತ್ತು. ಮಗು ಉಣ್ಣುವಾಗ ತಾಯಿ ಒಲೆಯ ಮುಂದೆ ನಿಂತು ಬರೆದುಕೊಳ್ಳುತ್ತಿದ್ದಳು. ಹನ್ನೊಂದು ತಿಂಗಳು ಹೀಗೆ ನಡೆಯಿತು. ಸಂಶೋಧನಾಲಯದಲ್ಲಿ ಗೊತ್ತಿಲ್ಲದವರಿಂದಲೂ ಸಹಿ ಪಡೆಯದೆ ತಟ್ಟೆ ಮುಟ್ಟಿಸದವಳು, ಹೆತ್ತ ಮಗಳನ್ನು ಒಂದು ಮಾತು ಕೇಳಲಿಲ್ಲ.

ಸಿಕ್ಕಿಬಿದ್ದದ್ದು ತನ್ನ ಬಾಯಿಂದಲೇ. ಒಂದು ಮಧ್ಯಾಹ್ನ ಮಗಳು ಅಪ್ಪನಿಗೆ ಶಾಲೆಯ ಕತೆ ಹೇಳುತ್ತಾ, ನಗುತ್ತಾ, ತಟ್ಟೆಯ ಅಂಚಿಗೇ ಮೊಣಕೈ ಊರಿದಳು. ಅಡುಗೆಮನೆಯಲ್ಲಿ ಅಂಕಿ ಸರ್ರನೆ ಮೇಲೆ ಹಾರಿತು. ಕೆಲಸದ ಅಭ್ಯಾಸಬಲ ನೋಡಿ, ತಾಯಿ ಒಳಗಿನಿಂದಲೇ ಕೂಗಿದಳು.

"ಮೊಣಕೈ ತೆಗಿಯೇ, ಲೆಕ್ಕ ತಪ್ಪುತ್ತೆ!"

ಹೊರಗೆ ನಗು ನಿಂತಿತು. ಗೋಡೆಯಾಚೆ ಇರುವ ಅಮ್ಮನಿಗೆ ಮೊಣಕೈ ಹೇಗೆ ಕಂಡಿತು? ಯಾವ ಲೆಕ್ಕ? ಹುಡುಗಿ ಮೇಜುಬಟ್ಟೆ ಎತ್ತಿ ನೋಡಿದಳು. ಕೂಗಾಡಲಿಲ್ಲ, ಅಳಲಿಲ್ಲ. ಅಡುಗೆಮನೆಗೆ ಬಂದು ಪುಸ್ತಕ ತೆಗೆದು ಒಂದೊಂದೇ ಪುಟ ತಿರುವಿದಳು.

"ನನ್ನ ಬರ್ತ್‌ಡೇ ದಿನಾನೂ ಬರ್ದಿದ್ದೀಯ" ಅಂದಳು. ಅಷ್ಟೇ.

ಆ ದಿನ ತಟ್ಟೆ ಎತ್ತಿಕೊಂಡು ತನ್ನ ಕೋಣೆಗೆ ಹೋದವಳು ಮತ್ತೆ ಆ ಮೇಜಿಗೆ ಬರಲಿಲ್ಲ. ತಾಯಿ ಮಾರನೆಯ ದಿನವೇ ತಕ್ಕಡಿ ಕಿತ್ತಳು, ಪುಸ್ತಕ ಸುಟ್ಟಳು, ಮೇಜನ್ನೇ ಬದಲಾಯಿಸಿದಳು, ಕೈಹಿಡಿದು ಕ್ಷಮೆ ಕೇಳಿದಳು. ಮಗಳು ಕ್ಷಮಿಸಿಯೂ ಬಿಟ್ಟಳು. ಆದರೆ ಕ್ಷಮಿಸುವುದು ಬೇರೆ, ಎದುರು ಕೂತು ಉಣ್ಣುವುದು ಬೇರೆ. ಗಂಟಲಿಗೆ ಯಾರು ಬುದ್ಧಿ ಹೇಳುತ್ತಾರೆ?

ಹೀಗೆ ಒಂದು ಕಡೆ ಡಾಕ್ಟರಮ್ಮನ ಹೆಸರು ಬೆಳೆಯಿತು, ಇನ್ನೊಂದು ಕಡೆ ಈ ಆಸೆ ಬೆಳೆಯಿತು. ಆಸೆಯೂ ಎಂಥದ್ದು? ಮಗಳು ಒಮ್ಮೆ ತನ್ನೆದುರು ಕೂತು ಹೊಟ್ಟೆತುಂಬ ಉಣ್ಣಬೇಕು. ಇಷ್ಟೇ. ಗಾಜಿನ ಹಿಂದೆ ಎತ್ತರದ ಸ್ಟೂಲಿನ ಮೇಲೆ ಕೂತಾಗ, ಮಗಳ ವಯಸ್ಸಿನ ಯಾರಾದರೂ ಬಂದರೆ ಪರದೆಯ ಗೆರೆ ಬಿಟ್ಟು ಅವರ ಬಾಯನ್ನೇ ನೋಡುತ್ತಿದ್ದಳು. ತನ್ನ ಪುಟ್ಟಿ ಈಗಲೂ ಎಡಗಡೆಯಿಂದಲೇ ಅಗಿಯುತ್ತಾಳೋ ಏನೋ, ಕೊನೆಯ ತುತ್ತಿಗೆ ಕಣ್ಣು ಮುಚ್ಚುತ್ತಾಳೋ ಇಲ್ಲವೋ. ಊಟದ ಕೋಣೆಯಲ್ಲಿ ಬಡಿಸುವ ಹೆಂಗಸು ಇದನ್ನು ಗಮನಿಸಿದ್ದಳು.

"ಅಮ್ಮಾವ್ರೇ, ಊರೋರ ಮಕ್ಕಳಿಗೆ ದೃಷ್ಟಿ ತಾಗುತ್ತೆ, ಸಾಕು ಬಿಡಿ" ಅನ್ನುತ್ತಿದ್ದಳು. ಡಾಕ್ಟರಮ್ಮ ನಕ್ಕು ಗೆರೆಯ ಕಡೆ ತಿರುಗುತ್ತಿದ್ದಳು.

ಕೊನೆಯ ಎಂಟು ವರ್ಷ ಹೊಸ ಚುಚ್ಚುಮದ್ದಿನ ಪರೀಕ್ಷೆ. ವಾರಕ್ಕೊಂದು ಸೂಜಿ. ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಬರೀ ಉಪ್ಪುನೀರು, ಯಾರಿಗೆ ಯಾವುದು ಅಂತ ಚುಚ್ಚುವವರಿಗೂ ಗೊತ್ತಿಲ್ಲ. ಆದರೂ ಅವಳು ಗೆರೆ ನೋಡಿಯೇ ಊಹಿಸುತ್ತಿದ್ದಳು. ಕೆಲವರ ಗೆರೆ ನಾಲ್ಕು ಮೆಟ್ಟಿಲಿಳಿದು ಸುಮ್ಮನೆ ನಿಂತುಬಿಡುತ್ತಿತ್ತು. ನೂರಿಪ್ಪತ್ತು ಕಿಲೋ ಇದ್ದ ಒಬ್ಬ ದರ್ಜಿ ಐದನೇ ತಿಂಗಳು ಬಂದು ಆಶ್ಚರ್ಯದಿಂದ ಹೇಳಿದ, "ಹಸಿವು ಅನ್ನೋದು ಪಕ್ಕದ ಮನೆ ರೇಡಿಯೋ ಇದ್ದಂಗಿತ್ತು ಡಾಕ್ಟ್ರೇ, ದಿನವಿಡೀ ಕಿರಿಚ್ತಿತ್ತು. ಈಗ ಯಾರೋ ಆಫ್ ಮಾಡಿದ್ದಾರೆ." ಅವತ್ತು ಅವಳು ಮೆಟ್ಟಿಲ ಬಳಿ ನಿಂತು ಸಣ್ಣ ಹುಡುಗಿಯ ಹಾಗೆ ಅತ್ತಳು. ತಾಯಿ ನೆನಪಾಗಿದ್ದಳು. ಯಾರಿಗೆ ಯಾವುದು ಅನ್ನುವ ಗುಟ್ಟಿನ ಪಟ್ಟಿ ಬಿಚ್ಚಿದಾಗ ಅವಳ ಊಹೆ ಬಹುಪಾಲು ಸರಿಯಾಗಿತ್ತು. ತೂಕ ಇಳಿದಿತ್ತು, ರಕ್ತದ ಸಕ್ಕರೆಯೂ ಇಳಿದಿತ್ತು. ಔಷಧಿ ಅಂಗಡಿಗೆ ಬಂತು. ಅವಳು ನಿವೃತ್ತಳಾದಳು.

ನಿವೃತ್ತಿಯಾದ ವರ್ಷವೇ ಮಗಳ ಫೋನು.

"ಅಮ್ಮ, ನಂಗೂ ಸಕ್ಕರೆ ಬಂದಿದೆ. ಗಾಬರಿ ಬೀಳ್ಬೇಡ, ಡಾಕ್ಟ್ರು ನೋಡ್ತಿದ್ದಾರೆ."

ಗಾಬರಿ ಬೀಳಬೇಡ ಅಂದರೆ ಕೇಳುವ ಎದೆಯೇ? ಯಾವ ಮಾತ್ರೆ, ಎಷ್ಟು ಅಂಕಿ ಅಂತ ನೂರು ಪ್ರಶ್ನೆ ನಾಲಿಗೆಯ ತುದಿಗೆ ಬಂದವು. ತುಟಿ ಕಚ್ಚಿಕೊಂಡು "ಸರಿ ಪುಟ್ಟಿ" ಅಂದಳು. ನಾಲ್ಕು ತಿಂಗಳು ಏನೂ ಕೇಳಲಿಲ್ಲ. ಐದನೇ ತಿಂಗಳು ಇನ್ನೊಂದು ಫೋನು.

"ಭಾನುವಾರ ಒಬ್ಳೇ ಬರ್ತೀನಿ. ಊಟಕ್ಕೆ."

ಕೊನೆಯ ಪದ ತಾನೇ ಸೇರಿಸಿಕೊಂಡೆನೇನೋ ಅಂತ ಡಾಕ್ಟರಮ್ಮ ಗಂಡನಿಗೆ ಎರಡು ಸಲ ಹೇಳಿ ನೋಡಿದಳು. ಅವನು ಭಾನುವಾರ ಬೆಳಿಗ್ಗೆಯೇ ಹಜಾಮತಿಯ ನೆವ ಹೇಳಿ ಹೊರಟ. ತಲೆಯಲ್ಲಿ ಕೂದಲಿದ್ದರೆ ತಾನೇ ಹಜಾಮತಿ! ತಾಯಿ ಮಗಳನ್ನು ಅವರ ಪಾಡಿಗೆ ಬಿಡಬೇಕು ಅಂತ ಅವನಿಗೂ ತಿಳಿದಿತ್ತು. ಅವಳು ಏಳು ಗಂಟೆಗೇ ಒಲೆ ಹಚ್ಚಿದಳು. ಮಗಳು ಹದಿಮೂರು ವರ್ಷದವಳಿದ್ದಾಗ ಇಷ್ಟಪಟ್ಟದ್ದನ್ನೆಲ್ಲ ಮಾಡಿದಳು. ಆಮೇಲಿನ ಇಷ್ಟಗಳು ಅವಳಿಗೆ ಗೊತ್ತಿರಲಿಲ್ಲ.

ಮಗಳು ಬಂದಳು. ಮೈ ಇಳಿದಿತ್ತು, ಕುತ್ತಿಗೆ ಉದ್ದವಾಗಿ ಕಾಣುತ್ತಿತ್ತು. ಕೈ ತೊಳೆದು ನೇರ ಮೇಜಿಗೆ ಬಂದು ಅಮ್ಮನ ಎದುರಿಗೇ ಕೂತಳು. ಡಾಕ್ಟರಮ್ಮ ಬಡಿಸಿದಳು. ಮಗಳು ಮೊದಲ ತುತ್ತು ಬಾಯಿಗಿಟ್ಟಳು. ಎಡಗಡೆಯಿಂದಲೇ ಅಗಿದಳು. ತಾಯಿ ಕಣ್ಣು ತಗ್ಗಿಸಿದಳು, ತಡೆಯಲಾಗದೆ ಮತ್ತೆ ಎತ್ತಿದಳು.

"ನೋಡಮ್ಮ, ಪರವಾಗಿಲ್ಲ" ಅಂದಳು ಮಗಳು, ನಗುತ್ತಾ. "ಈಗ ನೋಡಿದ್ರೆ ನಂಗೇನೂ ಅನ್ಸಲ್ಲ."

"ಯಾಕೆ?"

"ನಿನ್ನ ಸೂಜೀನೇ ಚುಚ್ಕೊಳ್ತಿದ್ದೀನಿ. ಹಸಿವೇ ಇಲ್ಲ. ನೋಡೋಕೆ ಏನಿದೆ?"

ನಾಲ್ಕು ತುತ್ತು ತಿಂದಳು. ಐದನೆಯದನ್ನು ಕಲಸಿ, ಅಲ್ಲೇ ಬಿಟ್ಟು, ತಟ್ಟೆಯನ್ನು ಒಂದು ಬೆರಳಷ್ಟು ಹಿಂದೆ ತಳ್ಳಿದಳು. ಆ ತಳ್ಳುವಿಕೆಯನ್ನು ಡಾಕ್ಟರಮ್ಮ ಗಾಜಿನ ಹಿಂದಿನಿಂದ ಎಷ್ಟು ಸಲ ಕಂಡಿದ್ದಳೋ, ಕಂಡಾಗಲೆಲ್ಲ ಎಷ್ಟು ಹಿಗ್ಗಿದ್ದಳೋ. ಇವತ್ತು ತಟ್ಟೆಯನ್ನು ಮತ್ತೆ ಮಗಳತ್ತ ಸರಿಸಿದಳು.

"ಇನ್ನೊಂದ್ ತುತ್ತು ತಿನ್ನೇ" ಅಂದಳು.

ಈ ಮಾತನ್ನು ಅವಳು ಯಾರಿಗೂ ಹೇಳಿದವಳಲ್ಲ. ಮಗಳು ತಲೆಯೆತ್ತಿ ನೋಡಿದಳು. ನೋಡುತ್ತಾ ನೋಡುತ್ತಾ ಅವಳ ಕಣ್ಣು ತುಂಬಿತು. ಕಲಸಿದ ತುತ್ತನ್ನು ಎತ್ತಿ ಬಾಯಿಯವರೆಗೂ ತಂದಳು. ಆಗಲಿಲ್ಲ, ಕೈ ಇಳಿಸಿದಳು.

"ಹೋಗ್ತಿಲ್ಲಮ್ಮ" ಅಂದಳು. "ನಿಜವಾಗ್ಲೂ ಹೋಗ್ತಿಲ್ಲ."

"ಗೊತ್ತು ಪುಟ್ಟಿ" ಅಂದಳು ಡಾಕ್ಟರಮ್ಮ. ಅವಳಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿತ್ತು?